ಒಳಗೆ ಬಿಟ್ಟ ನಾಲ್ಕು ಬೆರಳು ಬಟ್ಟೆ

ನನ್ನ ಅಕ್ಷರ ದುಂಡಗಿತ್ತು. ಚಾಮರಾಜನಗರದ ಹೆಂಗಸರ ಹೊಲಿಗೆ ಸಂಘಕ್ಕೆ ನಾನು ಕಾರ್ಯದರ್ಶಿಯಾದದ್ದಕ್ಕೆ ಅದನ್ನು ಬಿಟ್ಟರೆ ಬೇರೆ ಅರ್ಹತೆ ಏನೂ ಇರಲಿಲ್ಲ. ಪಿಯುಸಿ ಮುಗಿಸಿ, ಕುದೇರಿನಿಂದ ಮದುವೆಯಾಗಿ ಪಟ್ಟಣಕ್ಕೆ ಬಂದಿದ್ದೆ. ಹೊಲಿಗೆ ಬರುತ್ತಿರಲಿಲ್ಲ. ಆದರೆ ನಡಾವಳಿ ಪುಸ್ತಕದಲ್ಲಿ ನಾನು ಬರೆದ ಠರಾವನ್ನು ನೋಡಿ ತಪಾಸಣೆಗೆ ಬಂದ ಒಬ್ಬ ಅಧಿಕಾರಿ, "ಮುತ್ತು ಪೋಣಿಸಿದ ಹಾಗಿದೆಯಲ್ಲಮ್ಮ" ಅಂದಿದ್ದರು. ಆ ಒಂದು ಮಾತಿಗೆ ನಾನು ಎಷ್ಟೋ ವರ್ಷ ಬೀಗಿಕೊಂಡು ಓಡಾಡಿದೆ. ಈಗ ನೆನೆಸಿಕೊಂಡರೆ ಅಸಹ್ಯವಾಗುತ್ತದೆ. ಸಂಘವನ್ನು ಕೊಂದ ಠರಾವನ್ನೂ ಅದೇ ಅಕ್ಷರದಲ್ಲಿ, ಒಂದು ಚಿತ್ತೂ ಇಲ್ಲದೆ ಬರೆದವಳು ನಾನೇ.

ಬಸ್‌ಸ್ಟ್ಯಾಂಡಿನಿಂದ ಐದು ನಿಮಿಷದ ದಾರಿಯಲ್ಲಿ ಒಂದು ಉದ್ದನೆಯ ಹಂಚಿನ ಮನೆ. ಹನ್ನೆರಡು ಮಿಶನ್ನು, ಒಂದು ಕತ್ತರಿಸುವ ಮೇಜು. ಎರಡು ಸಾವಿರದ ಇಸವಿ ದಾಟಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಕೆಲಸಕ್ಕೆ ಬರುತ್ತಿದ್ದವರಲ್ಲಿ ಅರ್ಧ ಜನ ಪಟ್ಟಣದ ಮುಸ್ಲಿಂ ಮನೆಗಳ ಹೆಂಗಸರು, ಉಳಿದವರು ಉಮ್ಮತ್ತೂರಿನ ಕಡೆಯಿಂದ ಬೆಳಗಿನ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಬರುವವರು. ಗುಂಡ್ಲುಪೇಟೆಯಲ್ಲಿ ನಮ್ಮದೇ ಒಂದು ಉಪಕೇಂದ್ರವೂ ಇತ್ತು. ಅಲ್ಲಿ ನಾಲ್ಕು ಹೆಂಗಸರು, ಅವರವರ ಮನೆಯಿಂದಲೇ ತಂದ ನಾಲ್ಕು ಮಿಶನ್ನು. ಎರಡು ಕಡೆಯೂ ಹೊಲಿಯುತ್ತಿದ್ದದ್ದು ಒಂದೇ, ಶಾಲೆ ಮಕ್ಕಳ ಯೂನಿಫಾರಂ.

ಪಟ್ಟಣದ ಸಂಘದಲ್ಲಿ ಬಟ್ಟೆ ಕತ್ತರಿಸುತ್ತಿದ್ದವರು ಒಬ್ಬರೇ. ಅವರನ್ನು ಎಲ್ಲರೂ ಆಪಾ ಅನ್ನುತ್ತಿದ್ದೆವು. ಅಪ್ಪನೂ ಟೈಲರು, ಗಂಡನೂ ಟೈಲರು. ಇಬ್ಬರೂ ತೀರಿಕೊಂಡ ಮೇಲೆ ಕತ್ತರಿ ಇವರ ಕೈಗೆ ಬಂದಿತ್ತು. ಆಪಾ ಒಂದು ಲಂಗ ಕತ್ತರಿಸಿದರೆ ಕೆಳಗಿನ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆಯನ್ನು ಒಳಕ್ಕೆ ಮಡಿಚಲು ಬಿಡುತ್ತಿದ್ದರು. ಚಡ್ಡಿಯ ಸೊಂಟದ ಹಿಂದೆ ಎರಡು ಬೆರಳು, ಶರ್ಟಿನ ಪಕ್ಕದಲ್ಲಿ ಒಂದು. ಆ ಮಡಿಕೆಗೆ ಮಿಶನ್ ಹೊಲಿಗೆ ಹಾಕುವಂತಿರಲಿಲ್ಲ. ಮುಂದೆ ಬಿಚ್ಚುವಾಗ ಬಟ್ಟೆ ಹರಿಯಬಾರದೆಂದು ಕೈಹೊಲಿಗೆಯೇ ಆಗಬೇಕು. ಹೊಸದಾಗಿ ಸೇರಿದವರು ಯಾರಾದರೂ ಇದೇನು ದಂಡದ ಕೆಲಸ ಅಂತ ಗೊಣಗಿದರೆ ಆಪಾ ಕತ್ತರಿ ಕೆಳಗಿಡುತ್ತಿದ್ದರು.

"ಈ ಮಗು ಬರೋ ವರ್ಷಾನೂ ಇಷ್ಟೇ ಎತ್ತರ ಇರ್ತದಾ? ಇರ್ತದೆ ಅಂತ ನೀನು ಬರ್ಕೊಡು, ನಾನು ಬಟ್ಟೆ ಬಿಡಲ್ಲ."

ಯಾರು ಬರೆದುಕೊಟ್ಟಾರು?

ಜೂನ್ ಬಂತೆಂದರೆ ಹೊಸದು ಹೊಲಿಸುವವರಷ್ಟೇ ಜನ ಹಳೆಯದನ್ನು ಹಿಡಿದುಕೊಂಡು ಬರುತ್ತಿದ್ದರು. ಮಡಿಕೆ ಬಿಚ್ಚಿ, ಇಳಿಸಿ, ಇಸ್ತ್ರಿ ಹಾಕಿ ಕೊಟ್ಟರೆ ಇನ್ನೊಂದು ವರ್ಷ ನಿಶ್ಚಿಂತೆ. ಇಳಿಸಿದ ಕಡೆ ಬಟ್ಟೆಗೆ ಬಿಸಿಲು ತಾಕಿರುವುದಿಲ್ಲ, ಹಾಗಾಗಿ ಲಂಗದ ಕೆಳಗೆ ಒಂದು ಗಾಢ ನೀಲಿ ಪಟ್ಟಿ ಕಾಣುತ್ತಿತ್ತು. ಪ್ರಾರ್ಥನೆಗೆ ಸಾಲಾಗಿ ನಿಂತ ಹೆಣ್ಣುಮಕ್ಕಳಲ್ಲಿ ಅಂಥ ಪಟ್ಟಿ ಕಂಡರೆ ಅದು ನಮ್ಮ ಹೊಲಿಗೆ. ಜನ ನಮ್ಮನ್ನು 'ಬಟ್ಟೆ ಬುಡೋ ಸಂಘ' ಅನ್ನುತ್ತಿದ್ದರು. ರಿಜಿಸ್ಟರಾದ ಹೆಸರು ನನ್ನೊಬ್ಬಳಿಗೆ ಬಿಟ್ಟರೆ ಯಾರಿಗೂ ಬಾಯಿಗೆ ಬರುತ್ತಿರಲಿಲ್ಲ. ಆ ಅಡ್ಡಹೆಸರು ಕಿವಿಗೆ ಬಿದ್ದಾಗಲೆಲ್ಲ ನನಗೆ ಅವಮಾನವಾದಂತಾಗುತ್ತಿತ್ತು. ಎಂಥ ಬುದ್ಧಿವಂತೆ ನಾನು!

ನನಗಿಂತ ಹೆಚ್ಚು ಅವಮಾನವಾಗುತ್ತಿದ್ದದ್ದು ಅಧ್ಯಕ್ಷರಿಗೆ. ಅವರು ಪಟ್ಟಣದ ದೊಡ್ಡ ವ್ಯಾಪಾರಿಯೊಬ್ಬರ ಹೆಂಡತಿ, ನಮಗೆ ದೂರದ ನೆಂಟರು, ನಾನು ಅಕ್ಕ ಅನ್ನುತ್ತಿದ್ದೆ. ಆಫೀಸುಗಳಿಗೆ ಹೋದರೆ ಹೆದರದೆ ಕುರ್ಚಿ ಎಳೆದುಕೊಂಡು ಕೂರುವ ಧೈರ್ಯ ಅವರೊಬ್ಬರಿಗೇ ಇದ್ದದ್ದರಿಂದ ಅವರೇ ಅಧ್ಯಕ್ಷರು. ಕೆಟ್ಟವರಲ್ಲ. ಕೆಲಸದ ಹೆಂಗಸಿಗೆ ಜ್ವರ ಬಂದರೆ ತಾವೇ ಆಟೋ ಮಾಡಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಆದರೆ ಒಂದು ಸಲ ಮೈಸೂರಿನಲ್ಲಿ ಹೆಂಗಸರ ಸಂಘಗಳ ಸಮಾವೇಶಕ್ಕೆ ಹೋಗಿ ಬಂದವರು ಸಪ್ಪಗೆ ಕೂತುಬಿಟ್ಟರು. ಅಲ್ಲಿ ಉಪ್ಪಿನಕಾಯಿ ಮಾಡುವವರಿಗೆ ಲಾಂಛನವಿತ್ತಂತೆ, ಅಗರಬತ್ತಿ ಹೊಸೆಯುವವರಿಗೆ ಧ್ಯೇಯವಾಕ್ಯವಿತ್ತಂತೆ. ನಮ್ಮ ಅಕ್ಕನನ್ನು ವೇದಿಕೆಗೆ ಕರೆದು, ನಿಮ್ಮ ಸಂಘದ ವಿಶೇಷವೇನು ಅಂತ ಕೇಳಿದಾಗ ಇವರಿಗೆ ಬಾಯಿ ಕಟ್ಟಿತಂತೆ.

"ನಮಗೊಂದು ಗುರುತೇ ಇಲ್ವಲ್ಲೇ," ಅಂದರು. "ಲಂಗದ ಒಳಗೆ ಬಟ್ಟೆ ಬಿಡ್ತೀವಿ ಅಂತ ಮೈಕಲ್ಲಿ ಹೇಳಕ್ಕಾಗ್ತದಾ?"

ಆಗುತ್ತಿತ್ತು. ಹೇಳಿದ್ದರೆ ಅಲ್ಲಿದ್ದ ತಾಯಂದಿರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಆದರೆ ನಾನೂ ಆ ದಿನ, "ನಿಜ ಅಕ್ಕ, ಹೇಗೆ ಹೇಳೋದು" ಅಂದೆ.

ಹೀಗಾಗಿ ಒಬ್ಬ ತರಬೇತುದಾರನನ್ನು ಕರೆಸಿದೆವು. ಮೂರು ದಿನದ ಶಿಬಿರ, ಅದೂ ಮೇ ತಿಂಗಳ ಕೊನೆಯಲ್ಲಿ, ಕೆಲಸ ಕುತ್ತಿಗೆಗೆ ಬಂದಿರುವಾಗ. ಮಿಶನ್ನುಗಳನ್ನು ಗೋಡೆಗೆ ತಳ್ಳಿ ಜಮಖಾನ ಹಾಸಿದೆವು. ಆತ ಬಣ್ಣದ ಹಾಳೆ, ಸ್ಕೆಚ್ ಪೆನ್ನು, ಸೆಲ್ಲೋಟೇಪು ಎಲ್ಲ ತಂದಿದ್ದ. ಹೆಂಗಸರನ್ನು ದುಂಡಗೆ ಕೂರಿಸಿ, ಕಣ್ಣು ಮುಚ್ಚಿಸಿ, ಮೂರು ಸಲ ಉಸಿರೆಳೆಸಿ, ಮೆಲುದನಿಯಲ್ಲಿ ಕೇಳಿದ:

"ಈಗ ಹೇಳಿ. ನೀವು ಯಾರು?"

ಒಬ್ಬಾಕೆ ಕಣ್ಣು ಮುಚ್ಚಿಕೊಂಡೇ, "ಉಮ್ಮತ್ತೂರೋರು ಸಾ" ಅಂದಳು.

"ಊರಲ್ಲಮ್ಮ. ಒಂದು ಸಂಸ್ಥೆಯಾಗಿ ನೀವು ಯಾರು?"

"ಸಂಸ್ಥೆಯಾದ್ರೂ ಉಮ್ಮತ್ತೂರೋರೇಯ ಸಾ. ನಮ್ ಬಸ್ಸು ಅಲ್ಲಿಂದ್ಲೇ ಬರಾದು."

ಆತ ಸೋಲಲಿಲ್ಲ. ನಿಮ್ಮ ಸಂಘ ಒಂದು ಪ್ರಾಣಿಯಾಗಿದ್ದರೆ ಯಾವ ಪ್ರಾಣಿಯಾಗಿರುತ್ತಿತ್ತು ಅಂತ ಕೇಳಿದ. ಈ ಪ್ರಶ್ನೆ ನಮ್ಮವರಿಗೆ ಹಿಡಿಸಿತು. ಅದೇ ಹೆಂಗಸು, "ಎಮ್ಮೆ ಕಣ್ಸಾ. ಹಿಂಡ್ಸ್ಕತದೆ, ಒದಿಯಾದಿಲ್ಲ" ಅಂದಳು. ಇನ್ನೊಬ್ಬಳು ಜೇನುನೊಣ ಅಂದಳು. ಅಧ್ಯಕ್ಷರು ನವಿಲು ಅಂದರು. ಆತ ಹಾಳೆಯ ಮೇಲೆ ನವಿಲು ಅಂತ ಮಾತ್ರ ಬರೆದುಕೊಂಡ.

ಆಗ ಆಪಾ ಕೈಯೆತ್ತಿದರು. "ನಮ್ಮನ್ನ ಜನ ಬಟ್ಟೆ ಬಿಡೋರು ಅಂತಾರೆ ಸಾರ್. ಗುರುತು ಅಂದ್ರೆ ಅದೇ ಅಲ್ವಾ? ಜನ ಕರೆಯೋದು?"

ಆತ ಮುಗುಳ್ನಕ್ಕ. "ಅದು ಗುರುತಲ್ಲಮ್ಮ, ರೂಢಿ. ಗುರುತು ಅಂದರೆ ಹೊರಗೆ ಕಾಣಬೇಕು. ಒಳಗಡೆ ಮಡಚಿಟ್ಟಿದ್ದು ಯಾರಿಗೆ ಕಾಣ್ತದೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಪಾ ನಗಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. ಕೈ ಇಳಿಸಿ ಸೆರಗು ಸರಿಮಾಡಿಕೊಂಡು ಕೂತರು.

ಮೂರನೇ ದಿನ ಸಂಜೆಗೆ ನಮಗೊಂದು ಗುರುತು ಹುಟ್ಟಿತು. ಕೊಕ್ಕಿನಲ್ಲಿ ಸೂಜಿ ಕಚ್ಚಿಕೊಂಡ ನವಿಲು. ಹೊಸ ಹೆಸರೂ ಬಂತು, ಎರಡು ಸಂಸ್ಕೃತ ಪದ, ಬಾಲಕ್ಕೆ ಒಂದು ಇಂಗ್ಲಿಷ್ ಪದ. ಧ್ಯೇಯವಾಕ್ಯವನ್ನು ನಾನೇ ಬರೆದೆ, ಹನ್ನೊಂದು ಸಾಲು. ಅದರಲ್ಲಿ ಸಬಲೀಕರಣವಿತ್ತು, ಸುಸ್ಥಿರತೆಯಿತ್ತು, ಸಮಗ್ರವೂ ಸರ್ವತೋಮುಖವೂ ಇದ್ದವು. ಲಂಗ ಇರಲಿಲ್ಲ. ಮಗು ಇರಲಿಲ್ಲ. ಕತ್ತರಿಯೂ ಇರಲಿಲ್ಲ. ಯಾವ ಊರಿನ ಯಾವ ಸಂಘ ಬೇಕಾದರೂ, ಸಾರಾಯಿ ಅಂಗಡಿಯವರು ಕೂಡ, ಅದನ್ನು ಗೋಡೆಗೆ ತೂಗುಹಾಕಿಕೊಳ್ಳಬಹುದಿತ್ತು.

ನವಿಲಿನ ಬೋರ್ಡು ಬಂತು. ಗುಂಡ್ಲುಪೇಟೆಗೂ ಒಂದನ್ನು ಬಸ್ಸಿನ ಮೇಲೆ ಹಾಕಿ ಕಳಿಸಿದೆವು. ನವಿಲಿನ ಲೇಬಲ್ಲೂ ಬಂತು, ಪ್ರತಿ ಕಾಲರಿನ ಒಳಗೂ ಹೊಲಿಯಬೇಕು. ಗಡುಸಾದ ನೈಲಾನ್ ದಾರದ ಲೇಬಲ್ಲು. ಮಕ್ಕಳು ಕ್ಲಾಸಿನಲ್ಲಿ ಕೂತು ಕತ್ತು ಕೆರೆದುಕೊಳ್ಳುತ್ತಾರೆ ಅಂತ ಒಬ್ಬ ಮೇಡಂ ಹೇಳಿಕಳಿಸಿದರು. ಅಧ್ಯಕ್ಷರು, "ಹೊಸತರಲ್ಲಿ ಹಾಗೇ, ಅಭ್ಯಾಸ ಆಗ್ತದೆ" ಅಂದರು. ಕತ್ತು ಯಾರದೋ ತಾನೆ.

ಗುರುತು ಬಂದ ಮೇಲೆ ಅದಕ್ಕೆ ತಕ್ಕ ಹಾಗೆ ಇರಬೇಡವೇ? ಒಂದು ದಿನ ಅಧ್ಯಕ್ಷರು ಹೊಲಿದು ಮುಗಿದ ಲಂಗವೊಂದನ್ನು ಒಳಹೊರಗು ಮಾಡಿ ಹಿಡಿದು ನೋಡಿದರು.

"ಯಾವ ದೊಡ್ಡ ಕಂಪನಿಯವರಾದರೂ ಹೀಗೆ ದಪ್ಪಗೆ ಮಡಚ್ತಾರಾ? ಬರೋ ವರ್ಷ ಇದನ್ನ ಬಿಚ್ಚಿ ಇಳಿಸ್ತಾರೆ, ಕೆಳಗೆ ಪಟ್ಟಿ ಕಾಣ್ತದೆ. ನಮ್ಮ ನವಿಲು ಹಾಕ್ಕೊಂಡ ಮಗು ಇಳಿಸಿದ ಲಂಗ ಉಟ್ಕೊಂಡು ಊರೆಲ್ಲ ಓಡಾಡಿದರೆ ಏನು ಚೆಂದ? ಬರ್ಕೊಳ್ಳೇ."

ನಾನು ಬರೆದುಕೊಂಡೆ. 'ಇನ್ನು ಮುಂದೆ ಅಂಚಿನ ಮಡಿಕೆಯು ಅರ್ಧ ಬೆರಳಿಗೆ ಮೀರತಕ್ಕದ್ದಲ್ಲವೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು.' ಸರ್ವಾನುಮತವೆಂದರೆ, ಯಾರಿಗಾದರೂ ಆಕ್ಷೇಪವಿದೆಯೇ ಅಂತ ನಾನು ಓದಿ ಕೇಳಿದಾಗ ಯಾರೂ ಮಾತಾಡಲಿಲ್ಲ. ಉಮ್ಮತ್ತೂರಿನವರು ಬಸ್ಸಿಗೆ ಹೊತ್ತಾಯಿತೆಂದು ಗಡಿಯಾರ ನೋಡುತ್ತಿದ್ದರು. ಆಪಾ ಮೇಜಿನ ಹತ್ತಿರವೇ ನಿಂತಿದ್ದರು.

ಎಲ್ಲರೂ ಹೋದ ಮೇಲೆ ನನ್ನ ಬಳಿ ಬಂದು ಪುಸ್ತಕ ನೋಡಿದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಓದಿದ್ದು ಉರ್ದು ಮೂರನೇ ಕ್ಲಾಸು.

"ಬರೆದುಬಿಟ್ಟೆಯಾ ಬೇಟಿ?"

"ಅಕ್ಕ ಹೇಳಿದರು ಆಪಾ. ನಾನೇನು ಮಾಡ್ಲಿ?"

"ನೀನೇನು ಮಾಡ್ತೀಯ," ಅಂದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನಾಲ್ಕು ದಿನ ಅವರು ಠರಾವಿನ ಪ್ರಕಾರವೇ ಕತ್ತರಿಸಿದರು. ಐದನೇ ದಿನ ಬೆಳಿಗ್ಗೆ ಬಂದು, "ಕೈ ಕೇಳ್ತಿಲ್ಲಮ್ಮ. ಅರ್ಧ ಬೆರಳಿಗೆ ನಿಲ್ಲಿಸೋಕೆ ಹೋದರೆ ಗೆರೆ ಸೊಟ್ಟ ಹೋಗ್ತದೆ" ಅಂದರು. ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಗುಂಡ್ಲುಪೇಟೆಯಲ್ಲಿದ್ದ ತಂಗಿಯ ಮನೆಗೆ ಹೊರಟುಹೋದರು. ಬಟ್ಟೆ ಕತ್ತರಿಸಲು ಹೊಸ ಮೇಸ್ತ್ರಿ ಬಂದಳು. ಅವಳ ಗೆರೆ ನೆಟ್ಟಗಿತ್ತು.

ಆ ವರ್ಷವೆಲ್ಲ ನಮಗೆ ಸುಗ್ಗಿ. ಪತ್ರಿಕೆಯೊಂದರಲ್ಲಿ ನವಿಲಿನ ಬೋರ್ಡಿನ ಮುಂದೆ ನಿಂತ ಅಧ್ಯಕ್ಷರ ಫೋಟೋ ಬಂತು. ಶಾಲು, ಹಾರ, ಹಣ್ಣಿನ ಬುಟ್ಟಿ. ನನ್ನ ಹನ್ನೊಂದು ಸಾಲನ್ನು ಮೂರು ಸಭೆಗಳಲ್ಲಿ ಓದಿದರು, ಮೂರು ಸಲವೂ ನಾನು ಮುಂದಿನ ಸಾಲಿನಲ್ಲಿ ಕೂತು ತಲೆ ತಗ್ಗಿಸಿ ವಿನಯ ನಟಿಸಿದೆ. ಮಡಿಕೆ ಹೋದದ್ದು ಒಬ್ಬರ ಕಣ್ಣಿಗೂ ಬೀಳಲಿಲ್ಲ. ಹೇಗೆ ಬಿದ್ದೀತು? ಅದು ಬೇಕಾಗುವುದೇ ಒಂದು ವರ್ಷ ಕಳೆದ ಮೇಲೆ.

ಮುಂದಿನ ಜೂನ್‌ನ ಮೊದಲ ವಾರ ಕುದೇರಿನ ಹೆಂಗಸೊಬ್ಬಳು ಬಂದಳು. ನನ್ನ ತವರಿನ ಬೀದಿಯವಳೇ, ನನ್ನನ್ನು ಚಿಕ್ಕಂದಿನಿಂದ ನೋಡಿದವಳು. ಜೊತೆಗೆ ಏಳನೇ ಕ್ಲಾಸಿನ ಮಗಳು. ಹುಡುಗಿ ಒಂದೇ ವರ್ಷದಲ್ಲಿ ಉದ್ದಕ್ಕೆ ಬೆಳೆದುಬಿಟ್ಟಿದ್ದಳು. ಲಂಗ ಮಂಡಿಯ ಮೇಲಕ್ಕೆ ಹೋಗಿತ್ತು. ಪಾಪದ್ದು, ಸ್ಕೂಲು ಬ್ಯಾಗನ್ನು ಮುಂದಕ್ಕೆ ತಂದು ಮಂಡಿಗೆ ಅಡ್ಡ ಹಿಡಿದುಕೊಂಡು ನಿಂತಿತ್ತು.

"ಬಾ ಕಣಮ್ಮಿ, ಇತ್ತಗೆ ತಿರಿಕ್ಕೊ" ಅಂತ ಮಗಳನ್ನು ಕರೆದು, ಆ ತಾಯಿ ಲಂಗದ ಅಂಚನ್ನು ಮಗುಚಿ ನೋಡಿದಳು. ಬೆರಳಾಡಿಸಿದಳು. ಇನ್ನೊಂದು ಕಡೆಯೂ ಮಗುಚಿದಳು.

"ಎಲ್ಲವ್ವಾ ಬಟ್ಟ? ಬುಟ್ಟೇ ಇಲ್ವಲ್ಲ?"

ನಾನು ಒಳಗಿನ ಬಾಗಿಲ ಕಡೆ ನೋಡಿದೆ. ಒಳಗಿದ್ದ ಅಧ್ಯಕ್ಷರು ಎದ್ದು ಬಂದರು. ಈಗಿನ ಹೊಸ ಮಾದರಿಯಲ್ಲಿ ಹಾಗೆ ಬಿಡುವುದಿಲ್ಲ, ಎಲ್ಲ ಕಂಪನಿ ಬಟ್ಟೆಯೂ ಹೀಗೇ ಇರುತ್ತದೆ ಅಂತ ವಿವರಿಸಿದರು. ಮೇಜಿನ ಮೇಲಿದ್ದ ಹೊಸ ಶರ್ಟಿನ ಕಾಲರ್ ತಿರುಗಿಸಿ ಲೇಬಲ್ ತೋರಿಸಿ, "ನೋಡಮ್ಮ, ಇದು ನಮ್ಮ ಗುರುತು. ಇದಿದ್ದರೆ ಎಲ್ಲಿ ಹೋದರೂ ನಮ್ಮದು ಅಂತ ಗೊತ್ತಾಗ್ತದೆ" ಅಂದರು.

ಆಕೆ ಲೇಬಲ್ಲನ್ನು ಉಗುರಿನಲ್ಲಿ ಮೀಟಿ ನೋಡಿದಳು. "ಈ ನವುಲ ಇಡ್ಕ ಎಳುದ್ರೆ ಲಂಗ ಉದ್ದ ಆಯ್ತದ?"

ಹಿಂದೆ ಸಾಲಿನಲ್ಲಿ ನಿಂತಿದ್ದವರು ಘೊಳ್ಳೆಂದು ನಕ್ಕರು. ನಗುತ್ತಲೇ ಒಬ್ಬೊಬ್ಬರೂ ತಂತಮ್ಮ ಕೈಯಲ್ಲಿದ್ದ ಲಂಗ ಚಡ್ಡಿಗಳನ್ನು ಮಗುಚಿ ನೋಡತೊಡಗಿದರು. ನಗು ನಿಂತಿತು. ಆ ಕುದೇರಿನವಳು ನನ್ನ ಕಡೆ ತಿರುಗಿ, "ನಿನ್ ಮಕ ನೋಡ್ಕಂಡು ಇಲ್ಗ ಬಂದಿದ್ದಿ ಕಣವ್ವ" ಅಂದಳು. ಮಗಳ ಕೈ ಹಿಡಿದು ಹೊರಟಳು. ಹುಡುಗಿ ಹಿಂದೆ ನೋಡದೆ, ಬ್ಯಾಗನ್ನು ಹಾಗೇ ಮಂಡಿಗೆ ಒತ್ತಿಕೊಂಡು ಹೋಯಿತು.

ಮುಂದಿನದು ಬೇಗ ಬೇಗ ಆಯಿತು. ಎರಡು ಶಾಲೆಗಳು ನಮ್ಮಲ್ಲಿ ಹೊಲಿಸುವುದನ್ನು ಬಿಟ್ಟವು. ತಾಯಂದಿರು ಸಿದ್ಧ ಉಡುಪಿನ ಅಂಗಡಿಗೆ ಹೋದರು. ಅದೂ ನ್ಯಾಯವೇ. ನಮ್ಮ ಬಟ್ಟೆಗೂ ಅಂಗಡಿಯ ಬಟ್ಟೆಗೂ ಈಗ ವ್ಯತ್ಯಾಸವಿದ್ದದ್ದು ನವಿಲೊಂದೇ, ಅಂಗಡಿಯದು ಕತ್ತು ಚುಚ್ಚುತ್ತಿರಲಿಲ್ಲ. ಮೂರ್ನಾಲ್ಕು ತಿಂಗಳು ಕಳೆಯುವ ಹೊತ್ತಿಗೆ ಹನ್ನೆರಡು ಮಿಶನ್ನಿನಲ್ಲಿ ಐದು ಓಡುತ್ತಿದ್ದವು.

ಇದನ್ನು ಚರ್ಚಿಸಲು ಅಧ್ಯಕ್ಷರು ಸಭೆ ಕರೆದರು. ಬಟ್ಟೆ ಬಿಡುವ ಮಾತು ಬರಬಹುದೆಂದು ನಾನು ಕಾದೆ. ನಾನಾಗಿ ಎತ್ತಲಿಲ್ಲ, ಕಾದೆ, ಅಷ್ಟೇ. ಅಧ್ಯಕ್ಷರು ಬಹಳ ಯೋಚಿಸಿಕೊಂಡು ಬಂದಿದ್ದರು. ನವಿಲಿನ ಬಣ್ಣ ಜನಕ್ಕೆ ಹಿಡಿಸುತ್ತಿಲ್ಲ, ಹಸಿರು ಜಾಸ್ತಿಯಾಯಿತು, ಅದೇ ತರಬೇತುದಾರನನ್ನು ಇನ್ನೊಂದು ಸಲ ಕರೆಸೋಣ ಅಂದರು. ಅದನ್ನೂ ಬರೆದುಕೊಂಡೆ.

ಅದೇ ಸಭೆಯಲ್ಲಿ ಇನ್ನೊಂದು ಠರಾವು. ಗುಂಡ್ಲುಪೇಟೆಯ ಉಪಕೇಂದ್ರದವರು ಬೋರ್ಡು ಹಾಕಿಲ್ಲ, ಲೇಬಲ್ ಹೊಲಿಯುತ್ತಿಲ್ಲ, ಮಡಿಕೆಯ ಠರಾವಿಗೆ ಕವಡೆ ಕಾಸಿನ ಕಿಮ್ಮತ್ತೂ ಕೊಟ್ಟಿಲ್ಲ, ಆದ್ದರಿಂದ ಉಪಕೇಂದ್ರವನ್ನು ಮುಚ್ಚತಕ್ಕದ್ದು. ನೋಟೀಸು ಬರೆದು ಕೊಟ್ಟುಬರುವ ಕೆಲಸ ನನ್ನದು.

ಬೆಳಗಿನ ಬಸ್ಸಿಗೆ ಹೋದೆ. ದಾರಿಯುದ್ದಕ್ಕೂ ಹೇಗೆ ಹೇಳಬೇಕು ಅಂತ ಮಾತು ಜೋಡಿಸಿಕೊಂಡೆ. ಕೇರಳದ ಕಡೆ ಹೋಗುವ ರಸ್ತೆಯ ಪಕ್ಕದ ಒಂದು ಓಣಿಯಲ್ಲಿ ಅವರ ಬಾಡಿಗೆ ರೂಮು. ಬಾಗಿಲಲ್ಲಿ ಹತ್ತು ಹನ್ನೆರಡು ಹೆಂಗಸರು ನಿಂತಿದ್ದರು. ಒಳಗೆ ಹೋದರೆ ನಾಲ್ಕಿದ್ದ ಮಿಶನ್ನು ಆರಾಗಿದ್ದವು. ನಾವು ಕಳಿಸಿದ ಬೋರ್ಡನ್ನು ನವಿಲಿನ ಮುಖ ಕೆಳಗೆ ಮಾಡಿ ಎರಡು ಪೆಟ್ಟಿಗೆಗಳ ಮೇಲೆ ಮಲಗಿಸಿ, ಕಂಬಳಿ ಹಾಸಿ, ಅದರ ಮೇಲೆ ಆಪಾ ನೀಲಿ ಬಟ್ಟೆ ಕತ್ತರಿಸುತ್ತಿದ್ದರು.

"ಬಾ ಬೇಟಿ," ಅಂದರು. "ಹಲಗೆ ಚೆನ್ನಾಗಿದೆ. ಅಲುಗಾಡಲ್ಲ."

ಆ ಕೇಂದ್ರವನ್ನು ನೋಡಿಕೊಳ್ಳುತ್ತಿದ್ದವಳು ಭೀಮನಬೀಡಿನ ಗಟ್ಟಿಗಿತ್ತಿ. ನೋಟೀಸನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ವಾಪಸು ನನಗೇ ಕೊಟ್ಟು, "ನೀನೇ ಓದ್ಬುಡಕ್ಕ, ಎಲ್ರೂ ಕೇಳ್ಲಿ" ಅಂದಳು. ಮಿಶನ್ನುಗಳು ನಿಂತವು. ನಾನು ಓದಿದೆ. ಬರೆಯುವಾಗ ಗಂಭೀರವಾಗಿ ಕಂಡಿದ್ದ ಒಂದೊಂದು ಪದವೂ ಆ ರೂಮಿನಲ್ಲಿ ಪೊಳ್ಳಾಗಿ ಕೇಳಿಸಿತು.

"ಮುಚ್ಚಿ ಅಂತ ಬರ್ದಿದ್ದೀಯಲ್ಲ," ಅಂದಳು ಭೀಮನಬೀಡಿನವಳು, "ಏನ್ನ ಮುಚ್ಚಾದು ಹೇಳು? ಮಿಶಿನು ನಮ್ದು, ಬೀಗ ನಮ್ದು, ಕೈ ನಮ್ದು. ನಿಮ್ದು ಅನ್ನಾದು ಇಲ್ಲಿ ಈ ಬೋಡೊಂದೇಯ. ತಕ್ಕ ಓಗ್ಬೇಕಾ?"

"ಬೇಡ," ಅಂದೆ.

"ಹಂಗಾರೆ ನಮ್ ಹೆಸ್ರ ಹೊಡ್ದಾಕ್ಬುಡಿ. ನಮ್ಗ ಹೆಸ್ರು ಯಾಕ್ಬೇಕು, ಜನುಕ್ಕ ಮನ ಗೊತ್ತದ."

ಆಪಾ ಕತ್ತರಿಯಿಂದ ಕಣ್ಣು ತೆಗೆಯದೆ, ಊಟ ಮಾಡಿಕೊಂಡು ಹೋಗು ಅಂದರು. ಊಟ ಮಾಡಿದೆ. ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿ, ನೋಟೀಸು ಜಾರಿ ಮಾಡಲಾಯಿತು ಅಂತ ನಡಾವಳಿಯಲ್ಲಿ ನಮೂದಿಸಿದೆ.

ಆ ದಿನವೇ ರಾಜೀನಾಮೆ ಕೊಟ್ಟೆ ಅಂತ ಬರೆದರೆ ಓದಲು ಚೆನ್ನಾಗಿರುತ್ತಿತ್ತು. ಕೊಡಲಿಲ್ಲ. ಇನ್ನೂ ಎರಡು ವರ್ಷ ಅಲ್ಲೇ ಕೂತಿದ್ದೆ. ಎರಡನೇ ಶಿಬಿರದಲ್ಲಿ ನವಿಲು ನೀಲಿಯಾದದ್ದನ್ನು ನೋಡಿದೆ. ಉಮ್ಮತ್ತೂರಿನವರು ಒಬ್ಬೊಬ್ಬರೇ ಬರುವುದನ್ನು ನಿಲ್ಲಿಸಿದ್ದನ್ನು ಹಾಜರಿ ಪುಸ್ತಕದಲ್ಲಿ ಗೆರೆ ಎಳೆದು ದಾಖಲಿಸಿದೆ. ಕೊನೆಗೆ ಮಿಶನ್ನುಗಳನ್ನೂ ಸಾಗಿಸಿ, ಹಂಚಿನ ಮನೆಯಲ್ಲಿ ಪುಸ್ತಕಗಳ ಬೀರು ಮತ್ತು ನಾನು ಇಬ್ಬರೇ ಉಳಿದಾಗ, ಬರೆಯಲು ಏನೂ ಇಲ್ಲದೆ ಕೆಲಸ ಬಿಟ್ಟೆ. ಗುಂಡ್ಲುಪೇಟೆಗೆ ಹೋಗಿ, ಏನಾದರೂ ಕೆಲಸ ಕೊಡಿ ಅಂತ ಕೇಳಿದೆ. ಆಪಾಗೆ ಆಗ ಕಣ್ಣು ಮಂಜಾಗಿತ್ತು, ಕತ್ತರಿ ಬೇರೆಯವರ ಕೈಗೆ ಹೋಗಿತ್ತು. ಕೆಲಸ ಕೊಟ್ಟರು. ಮೊದಲ ತಿಂಗಳು ನನಗೆ ಸಿಕ್ಕ ಕೆಲಸ ಕಸ ಗುಡಿಸಿ, ದಾರದ ತುಂಡು ಆರಿಸುವುದು. ಆಮೇಲೆ ಕೈಹೊಲಿಗೆ ಕಲಿಸಿದರು. ಯಾರೂ ಹಳೆಯ ಮಾತು ಎತ್ತಲಿಲ್ಲ. ಆ ವೇಳೆಗೆ ಅಲ್ಲಿ ಸೇರಿದ್ದ ಹೊಸ ಹುಡುಗಿಯರಿಗೆ ನಮ್ಮ ಸಂಘ ಅಂತ ಒಂದಿತ್ತು ಅನ್ನುವುದೇ ಗೊತ್ತಿರಲಿಲ್ಲ. ಅವರಲ್ಲಿ ಒಬ್ಬಳು, ನಾನು ಮಡಿಕೆಯನ್ನು ಅಳೆಯದೆ ಹಾಕಿದ್ದಕ್ಕೆ ಲಂಗವನ್ನು ನನ್ನ ಮಡಿಲಿಗೆ ಎಸೆದು, "ನಾಕ್ ಬೆಳ್ಳು ಕಣಕ್ಕ. ಬಿಚ್ಚಿ ಇನ್ನೊಂದ್ಸಲ ಹಾಕು" ಅಂದಳು. ಯಾಕೆ ನಾಲ್ಕೇ ಅಂತ ಪರೀಕ್ಷೆ ಮಾಡುವವಳಂತೆ ಕೇಳಿದೆ. "ಯಾಕೇಂದ್ರೆ? ಇಲ್ಲಿ ಹಂಗೇಯ" ಅಂದು ತನ್ನ ಮಿಶನ್ನಿಗೆ ಹೋದಳು.

ಚಾಮರಾಜನಗರದ ಸಂಘ ಸತ್ತಿತೆಂದು ಮಾತ್ರ ತಿಳಿಯಬೇಡಿ. ಅದು ಕಾಗದದ ಮೇಲೆ ಸೊಗಸಾಗಿ ಬದುಕಿದೆ. ವರ್ಷಕ್ಕೊಂದು ಸಭೆ, ಸಭೆಗೆ ಅಧ್ಯಕ್ಷರ ಮನೆಯವರು ಮತ್ತು ಅಕ್ಕಪಕ್ಕದವರು. ನನ್ನ ಹನ್ನೊಂದು ಸಾಲನ್ನು ಓದಿ, ಉಪ್ಪಿಟ್ಟು ತಿಂದು ಎದ್ದುಹೋಗುತ್ತಾರೆ. ಒಂದು ಚಡ್ಡಿಯನ್ನೂ ಹೊಲಿಯದೆ ಅದು ಇನ್ನೂ ಎಷ್ಟೋ ವರ್ಷ ಬಾಳಬಹುದು.

ಒಂದು ದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಅಧ್ಯಕ್ಷರೇ ಸಿಕ್ಕರು. ಮೊದಲಿನಂತೆಯೇ ಕೈ ಹಿಡಿದು ಮಾತಾಡಿಸಿದರು, ಮನೆಯ ಕ್ಷೇಮ ವಿಚಾರಿಸಿದರು. ಗುಂಡ್ಲುಪೇಟೆಗೆ ಹೋಗುತ್ತಿದ್ದೇನೆ ಅಂದೆ. ಅವರ ಮುಖ ಚಿಕ್ಕದಾಯಿತು.

"ಅವರು ಇನ್ನೂ ನಡೆಸ್ತಿದಾರಾ?"

"ಒಂಬತ್ತು ಜನ ಇದೀವಿ ಅಕ್ಕ."

"ಬೋರ್ಡಾದರೂ ಹಾಕಿದಾರಾ?"

"ಇಲ್ಲ."

"ಮತ್ತೆ ಜನಕ್ಕೆ ಹೇಗೆ ಗೊತ್ತಾಗ್ತದೆ ಕಣೇ?" ಅಂದರು. ನಿಜವಾಗಿಯೂ ತಿಳಿಯದೆಯೇ ಕೇಳಿದರು, ಪಾಪ. ಅಷ್ಟರಲ್ಲಿ ಬಸ್ಸು ಬಂತು. ಜನ ನುಗ್ಗುತ್ತಿದ್ದರು. ಹೇಳಲು ಹೋದರೆ ಸೀಟು ಸಿಗುತ್ತಿರಲಿಲ್ಲ, ಹತ್ತಿಬಿಟ್ಟೆ.